ಒಂಬತ್ತು ಹಲಗೆಗಳು

ಫೆಬ್ರವರಿ 27

ಹಾಲು ಇನ್ನೂ ನಿಂತಿಲ್ಲ. ಮಾತ್ರೆ ಕೊಟ್ಟಿದ್ದಾರೆ, ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಳ್ಳಲು ಹೇಳಿದ್ದಾರೆ. ಮೇಲಿನ ಮನೆಯ ಮಗು ಅತ್ತರೆ ಸಾಕು, ಅಂಗಿ ಒದ್ದೆ. ಮೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ತೋಚಿದ್ದನ್ನು ಬರೆದಿಡಿ ಎಂದು ಡಾಕ್ಟರು ಹೇಳಿದರು. ತೋಚುವುದು ಇಷ್ಟೇ. ಮದುವೆಯಾದ ಹನ್ನೊಂದು ವರ್ಷಕ್ಕೆ ಮಗು ಹುಟ್ಟಿತು. ಎರಡೂವರೆ ತಿಂಗಳು ಮುಂಚೆಯೇ ಹುಟ್ಟಿತು. ಒಂಬತ್ತು ದಿನ ಇತ್ತು. ಹೋಯಿತು. ಹೆಣ್ಣು.

ಆ ಒಂಬತ್ತು ದಿನದಲ್ಲಿ ನಾನು ಅದನ್ನು ಮೂರು ಸಲ ನೋಡಿದೆ. ಒಂದು ಸಲವೂ ಎತ್ತಿಕೊಳ್ಳಲಿಲ್ಲ. ನಾಲ್ಕನೆಯ ದಿನ ಹೊಲಿಗೆ ಕೀವಾಗಿ ಜ್ವರ ತಲೆಗೇರಿತು, ಆಮೇಲಿನದು ಏನೂ ನೆನಪಿಲ್ಲ. ಕಣ್ಣು ಬಿಟ್ಟದ್ದು ಹನ್ನೊಂದನೆಯ ದಿನ. ಅಮ್ಮ ಮಂಚದ ತುದಿಯಲ್ಲಿ ಕೂತು ನನ್ನ ಕಾಲು ಒತ್ತುತ್ತಿದ್ದಳು.

"ಅದು ನಮಗೆ ದಕ್ಕಲಿಲ್ಲ ಕಣೇ" ಎಂದಳು.

ಅಷ್ಟರಲ್ಲಿ ಎಲ್ಲ ಮುಗಿಸಿಬಿಟ್ಟಿದ್ದರು. ಮಣ್ಣು ಮಾಡಿದ್ದೂ ಆಗಿತ್ತು.

ಮಾರ್ಚ್ 4

ಒಂದು ಫೋಟೋ ಇಲ್ಲ. ಗಂಡನನ್ನು ಕೇಳಿದೆ, ಅಷ್ಟು ದಿನ ಅಲ್ಲೇ ಇದ್ದೆಯಲ್ಲ, ಜೇಬಿನಲ್ಲಿ ಫೋನ್ ಇತ್ತಲ್ಲ ಎಂದು. "ಮನೆಗೆ ಬಂದ್ಮೇಲೆ ತೆಗೆಯೋಣ ಅಂತಿದ್ದೆ" ಎಂದ. ಮನೆಗೆ ಬಂದಮೇಲೆ!

ಅವನು ಕೆಲಸಕ್ಕೆ ಹೋಗಲು ಶುರು ಮಾಡಿ ಹತ್ತು ದಿನವಾಯಿತು. ಲಿಫ್ಟ್ ರಿಪೇರಿ. ಊರಿನ ಜನ ಮೇಲೆ ಹೋಗಬೇಕು, ಕೆಳಗೆ ಬರಬೇಕು, ಅದು ನಿಲ್ಲುವಂತಿಲ್ಲವಲ್ಲ. ಸಂಜೆ ಬಂದು ಕೈ ತೊಳೆಯುತ್ತಾನೆ, ತಟ್ಟೆಯಲ್ಲಿ ಹಾಕಿದ್ದನ್ನು ಪೂರ್ತಿ ಉಣ್ಣುತ್ತಾನೆ. ಅಳುವುದನ್ನು ನಾನು ನೋಡಿಲ್ಲ. ಕಲ್ಲನ್ನು ಕಟ್ಟಿಕೊಂಡು ಹನ್ನೊಂದು ವರ್ಷ ಬಾಳಿದೆ, ಕಲ್ಲು ಅಂತ ಈಗ ಗೊತ್ತಾಯಿತು.

ಮಾರ್ಚ್ 5

ಏಳಲಿಲ್ಲ.

ಮಾರ್ಚ್ 16

ಮರದ ಹಲಗೆ ಕೊರೆದು ಚಿತ್ರದ ಅಚ್ಚು ತೆಗೆಯುವುದು ಹದಿನೈದು ವರ್ಷದಿಂದ ನನ್ನ ಕೆಲಸ. ಮುಖ ಕೊರೆಯುವುದರಲ್ಲಿ ನಾನು ಗಟ್ಟಿ ಎಂದು ಹೆಸರು. ಇವತ್ತು ಪೆನ್ಸಿಲ್ ಹಿಡಿದು ಕೂತೆ. ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಅಂಗಡಿಯ ಗಾಜಿನೊಳಗೆ ಕೂರಿಸುವ ಬೊಂಬೆ. ಇನ್ನೊಂದು ಬರೆದೆ, ಅದೇ ಬೊಂಬೆ. ಹದಿನಾಲ್ಕು ಕಾಗದ ಹಾಳಾಯಿತು. ನನಗೆ ನೆನಪಿರುವುದು ಗಾಜಿನ ಪೆಟ್ಟಿಗೆ, ಮೂಗಿನ ಮೇಲೆ ಅಂಟಿಸಿದ ಬಿಳಿ ಪಟ್ಟಿ, ಮುಷ್ಟಿಯಷ್ಟು ದೊಡ್ಡ ಟೋಪಿ. ಮುಖ ಆ ಪಟ್ಟಿಗೂ ಟೋಪಿಗೂ ನಡುವೆ ಎಲ್ಲೋ ಇತ್ತು.

ಅಮ್ಮ ಕಾಗದಗಳನ್ನು ಎತ್ತಿಟ್ಟಳು. "ಮುಖ ಗೊತ್ತಾಗದೇ ಇರೋದೇ ಒಳ್ಳೇದು. ಗೊತ್ತಿದ್ರೆ ಮರೆಯೋಕಾಗಲ್ಲ" ಎಂದಳು. ಮರೆಯಬೇಕೆಂದು ಇವಳಿಗೆ ಯಾರು ಹೇಳಿದರು?

ಮಾರ್ಚ್ 30

ಹಾಲು ನಿಂತಿತು. ಬೆಳಿಗ್ಗೆ ಅಂಗಿ ಒಣಗಿತ್ತು. ಬಚ್ಚಲಿನಲ್ಲಿ ಕೂತು ಅತ್ತೆ. ಅದೊಂದು ಇತ್ತು, ಅದೂ ಹೋಯಿತು.

ಏಪ್ರಿಲ್ 2

ಆಸ್ಪತ್ರೆಗೆ ಹೋಗಿದ್ದೆ, ಯಾರಿಗೂ ಹೇಳದೆ. ನೆಲಮಾಳಿಗೆಯಲ್ಲಿ ಹಳೆಯ ಫೈಲುಗಳ ಕೋಣೆ. ಕನ್ನಡಕದ ಒಬ್ಬ ಗುಮಾಸ್ತ ಎದ್ದು ಬಂದ.

"ಏನ್ ಬೇಕಿತ್ತಮ್ಮ?"

"ಮಗೂದು ಫೋಟೋ ಏನಾದ್ರೂ ಇದೆಯಾ ಅಂತ."

"ಇಲ್ಲಿ ಫೋಟೋ ಎಲ್ಲಿಂದ ಬರಬೇಕಮ್ಮ. ರಕ್ತದ ರಿಪೋರ್ಟು, ಔಷಧಿ ಚೀಟಿ, ಇಷ್ಟೇ."

ಆದರೂ ಹುಡುಕಿದ. ತೆಳ್ಳನೆಯ ಫೈಲು. ಎರಡನೆಯ ಹಾಳೆಯಲ್ಲಿ ಒಂದು ಚೌಕದೊಳಗೆ ಎಡಪಾದದ ಗುರುತು. ಹುಟ್ಟಿದ ಕೂಡಲೇ ಮಕ್ಕಳು ಅದಲುಬದಲಾಗದಿರಲಿ ಎಂದು ಮಸಿ ಹಚ್ಚಿ ಒತ್ತಿಸಿಕೊಳ್ಳುತ್ತಾರಂತೆ. ನನ್ನ ಹೆಬ್ಬೆರಳಿಗಿಂತ ಚಿಕ್ಕದು. ಗುಮಾಸ್ತ ನನ್ನ ಮುಖ ನೋಡಿದ. "ಕೂತ್ಕೊಂಡು ನೋಡಿಮ್ಮ. ನಾನು ಟೀ ಕುಡ್ಕೊಂಡು ಬರ್ತೀನಿ" ಎಂದು ಹೊರಗೆ ಹೋದವನು ಅರ್ಧ ಗಂಟೆ ಬರಲಿಲ್ಲ.

ನೋಡಿದೆ. ಮಸಿ ಹೆಚ್ಚಾಗಿದೆ. ಹಿಮ್ಮಡಿ ಒಂದಿಷ್ಟು ಜಾರಿದೆ. ಕಿರುಬೆರಳು ಮೂಡಿಯೇ ಇಲ್ಲ. ನನ್ನ ಹತ್ತಿರ ಕಲಿಯುವವರು ಇಂಥದ್ದನ್ನು ತಂದರೆ, ಇದನ್ನು ಹರಿದುಹಾಕಿ ಇನ್ನೊಂದು ತೆಗೆಯಿರಿ ಎನ್ನುತ್ತಿದ್ದೆ.

ಜೆರಾಕ್ಸ್ ಮಾಡಿ ಕೊಟ್ಟ.

ಏಪ್ರಿಲ್ 5

ಕಾಗದ ಹಿಡಿದುಕೊಂಡು ಕಾರ್ಯಾಗಾರಕ್ಕೆ ಹೋದೆ. ಡಿಸೆಂಬರಿನ ನಂತರ ಇದೇ ಮೊದಲು. ಆ ಜಾಗ, ಅಚ್ಚೊತ್ತುವ ಪ್ರೆಸ್ಸು, ಎಲ್ಲ ಟೀಚರದ್ದು. ನನಗೆ ಉಳಿ ಹಿಡಿಯಲು ಕಲಿಸಿದವರು ಅವರೇ. ಎಪ್ಪತ್ತು ದಾಟಿದೆ, ಈಗಲೂ ಗದರಿಸಿಯೇ ಮಾತು. ಸಮಾಧಾನದ ಮಾತೇನೂ ಆಡಲಿಲ್ಲ. "ಬಾ. ನಿನ್ನ ಉಳಿಗಳೆಲ್ಲ ತುಕ್ಕು ಹಿಡೀತಿವೆ" ಎಂದರು. ಸುಳ್ಳು. ನೋಡಿದರೆ ಎಣ್ಣೆ ಹಚ್ಚಿ ಇಟ್ಟಿದ್ದರು.

ಪಾದದ ಗುರುತನ್ನು ಹಲಗೆಯ ಮೇಲೆ ಇಳಿಸತೊಡಗಿದೆ. ಹಿಂದೆ ಬಂದು ನಿಂತರು.

"ಇದೇನು?"

ಹೇಳಿದೆ.

"ಇದನ್ನ ಯಾಕೆ ನಕಲು ಮಾಡ್ತೀಯ? ಇದು ಅವಳು ತೆಗೆದ ಅಚ್ಚು. ಅವಳ ಕೆಲಸ ಅವಳು ಮಾಡಿ ಹೋದಳು. ನಿನ್ನ ಕೆಲಸ ಎಲ್ಲಿ?"

ಸಿಟ್ಟು ಬಂತು. ಮಕ್ಕಳಿಲ್ಲದವರಿಗೇನು ಗೊತ್ತು ಎಂದು ಬಾಯಿತುದಿಗೆ ಬಂತು. ನುಂಗಿಕೊಂಡೆ. ನನ್ನ ಹಾಗೇ ಅವರೂ ಆ ಮಾತನ್ನು ಎಷ್ಟು ವರ್ಷ ಕೇಳಿರಬೇಕು.

ಏಪ್ರಿಲ್ 9

ಒಂಬತ್ತು ಹಲಗೆ ಕತ್ತರಿಸಿಕೊಂಡೆ. ಒಂದೊಂದೂ ಒಂದು ಗೇಣು. ದಿನಕ್ಕೊಂದು. ಮುಖ ಬೇಡ. ಏನೇನಿತ್ತೋ ಅದು.

ಏಪ್ರಿಲ್ 28

ಮೂರು ಮುಗಿಯಿತು. ಮೊದಲನೆಯ ದಿನ: ಆಪರೇಷನ್ ಕೋಣೆಯ ದೀಪ, ಹಸಿರು ಬಟ್ಟೆಯಲ್ಲಿ ಸುತ್ತಿದ ಏನನ್ನೋ ಒಯ್ಯುತ್ತಿರುವ ನರ್ಸಿನ ಬೆನ್ನು. ಎರಡು: ಗಾಲಿಕುರ್ಚಿಯಿಂದ ಕಂಡ ಗಾಜು, ಗಾಜಿನಲ್ಲಿ ನನ್ನದೇ ಮುಖ, ಅದರ ಹಿಂದೆ ಪೆಟ್ಟಿಗೆ. ಮೂರು: ಟೋಪಿ.

ಅಚ್ಚಿನಲ್ಲಿ ಕೊರೆದದ್ದೆಲ್ಲ ಬಿಳಿ, ಬಿಟ್ಟದ್ದೆಲ್ಲ ಕಪ್ಪು. ಮೂರರಲ್ಲೂ ಬಿಟ್ಟದ್ದೇ ಹೆಚ್ಚು.

ನಾಲ್ಕನೆಯ ಹಲಗೆ ಮುಂದಿಟ್ಟುಕೊಂಡು ದಿನವಿಡೀ ಕೂತೆ. ನಾಲ್ಕನೆಯ ದಿನದಲ್ಲಿ ನಾನಿಲ್ಲ. ಒಂಬತ್ತನೆಯವರೆಗೂ ಇಲ್ಲ. ಆ ದಿನಗಳೆಲ್ಲ ಇರುವುದು ಅವನ ತಲೆಯಲ್ಲಿ. ಅವನನ್ನು ಕೇಳಬೇಕು. ಅವನು ಬಾಯಿ ಬಿಡುವುದಿಲ್ಲ.

ಮೇ 3

ಕೇಳಿದೆ. "ಏನೂ ಇಲ್ಲ. ಕಾಯ್ತಾ ಇದ್ದೆ" ಎಂದ.

"ಅಷ್ಟೇನಾ? ನಾನು ಹೆತ್ತ ಮಗು, ನೀನು ಆರು ದಿನ ನೋಡ್ದೆ, ನಂಗೆ ಒಂದು ದಿನಾನೂ ಕೊಡಲ್ವಾ?" ಎಂದು ಕಿರುಚಿದೆ. ಅಮ್ಮ ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮೇ 6

ಮಧ್ಯಾಹ್ನ ಅವನು ಕಾರ್ಯಾಗಾರಕ್ಕೆ ಬಂದ. ಕೆಲಸದ ಚೀಲ ಹೆಗಲಲ್ಲೇ ಇತ್ತು. ಟೀಚರಿಗೆ, ಪ್ರೆಸ್ಸಿನ ಚಕ್ರ ಕಿರುಗುಡುತ್ತಿದೆ ಅಂತ ಹೇಳಿದ್ರಲ್ಲ, ಅದಕ್ಕೆ ಬಂದೆ ಎಂದ. ಅವರು ಹಾಗೆ ಹೇಳಿರಲೇ ಇಲ್ಲ. "ಹೂಂ, ನೋಡಪ್ಪ" ಎಂದರು. ಕಿರುಗುಡದ ಚಕ್ರಕ್ಕೆ ಗ್ರೀಸು ಹಚ್ಚುತ್ತ, ನನ್ನ ಕಡೆ ನೋಡದೆ ಹೇಳಿದ.

"ನಾಲ್ಕನೇ ದಿನ ಒಳಗೆ ಬಿಡ್ತೀವಿ, ಕೈ ತೊಳ್ಕೊಂಡು ಬನ್ನಿ ಅಂದ್ರು. ತೊಳ್ಕೊಂಡೆ. ನರ್ಸು ಉಗುರು ನೋಡಿ ವಾಪಸ್ ಕಳಿಸಿದ್ಲು. ಗ್ರೀಸು. ಮತ್ತೆ ಉಜ್ಜಿದೆ. ಮತ್ತೆ ಕಳಿಸಿದ್ಲು. ಮೂರನೇ ಸಲ ರಕ್ತ ಬಂತು. ರಕ್ತ ಇದ್ರೆ ಬಿಡೋಹಾಗಿಲ್ಲ ಅಂದ್ರು. ಅಷ್ಟೊತ್ತಿಗೆ ಟೈಮೂ ಆಯ್ತು."

ನಾಲ್ಕನೆಯ ಹಲಗೆ: ನಲ್ಲಿ, ಎರಡು ಕೈ.

ಮೇ 19

ಐದನೆಯ ದಿನ ಅವನು ಒಳಗೆ ಹೋಗಲೇ ಇಲ್ಲವಂತೆ. ಹೊರಗೆ ಕುರ್ಚಿಯಲ್ಲಿ ಕೂತಿದ್ದಾಗ ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಎದ್ದು ಹೋದ. ಮುಕ್ಕಾಲು ಗಂಟೆ ಹಿಡಿಯಿತು. ಬರುವಷ್ಟರಲ್ಲಿ ನೋಡುವ ಹೊತ್ತು ಮುಗಿದಿತ್ತು.

"ಯಾರದೋ ಅಜ್ಜಿ ಒಳಗಿದ್ರು. ಹೊರಗೆ ಬಂದು ನನ್ನ ಕೈ ಹಿಡ್ಕೊಂಡು, ನಿನ್ನ ಮಕ್ಕಳು ತಣ್ಣಗಿರಲಪ್ಪ ಅಂದ್ರು" ಎಂದ.

ಆಮೇಲೆ ಸ್ಪ್ಯಾನರ್ ಹುಡುಕುವವನಂತೆ ಚೀಲದೊಳಗೆ ತಲೆ ತೂರಿಸಿದ. ಬಹಳ ಹೊತ್ತು ಹುಡುಕಿದ.

ಮೇ 20

ಲಿಫ್ಟಿನ ಬಾಗಿಲು ಕೊರೆಯುತ್ತಿದ್ದೇನೆ. ಮುಚ್ಚಿದ್ದು, ನಡುವೆ ಒಂದು ಗೆರೆ ಬೆಳಕು. ಊಟ ಮಾಡಲಿಲ್ಲ. ಬದುಕಿ ಏನು ಮಾಡಬೇಕು ಎನ್ನುವುದು ತಿಳಿಯುತ್ತಿಲ್ಲ. ಹಲಗೆ ಮುಗಿಯುವವರೆಗೆ ಇರಬೇಕು, ಅಷ್ಟು ಗೊತ್ತು. ಆಮೇಲಿನದು ಗೊತ್ತಿಲ್ಲ.

ಜೂನ್ 1

"ಆರನೇ ದಿನ ಬಿಕ್ಕಳಿಕೆ ಬಂತು" ಎಂದ. "ಅವಳಿಗೆ. ಅಷ್ಟು ಚಿಕ್ಕೋರಿಗೂ ಬಿಕ್ಕಳಿಕೆ ಬರುತ್ತೆ ಅಂತ ಗೊತ್ತೇ ಇರಲಿಲ್ಲ. ಇಡೀ ಮೈ ಎಗರೋದು. ನರ್ಸು ನಕ್ಕಳು. ನಾನೂ ನಕ್ಕೆ. ಯಾರೋ ನೆನೆಸ್ಕೋತಾ ಇದಾರೆ ಅಂದ್ಕೊಂಡೆ."

"ಯಾರು?"

"ಇನ್ಯಾರು. ಕೆಳಗಿನ ಮಹಡೀಲಿ ನೀನು."

ಜ್ವರದಲ್ಲಿ ನಾನು ಯಾರನ್ನೂ ನೆನೆಸಿಕೊಳ್ಳುತ್ತಿರಲಿಲ್ಲ. ಅದನ್ನು ಇವನಿಗೆ ಹೇಳಲಿಲ್ಲ.

ಬಿಕ್ಕಳಿಕೆಯನ್ನು ಕೊರೆಯುವುದು ಹೇಗೆ? ಮೂರು ದಿನ ಯೋಚಿಸಿದೆ. ಕೊನೆಗೆ ಹೊದಿಕೆಯ ನೆರಿಗೆಗಳನ್ನು ಕೊರೆದೆ, ನಡುವೆ ಒಂದೇ ಒಂದು ನೆರಿಗೆ ಹಾರಿಬಿದ್ದಿದೆ. ಅವಳು ಆ ನೆರಿಗೆಯ ಕೆಳಗಿದ್ದಾಳೆ. ಟೀಚರ್ ನೋಡಿ "ಇದು ಇರಲಿ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. ನನಗೇನೂ ಅನ್ನಿಸಲಿಲ್ಲ.

ಜೂನ್ 11

ಏಳನೆಯ ದಿನ ಇವನು ನಿದ್ದೆ ಮಾಡಿಬಿಟ್ಟನಂತೆ, ಕುರ್ಚಿಯಲ್ಲಿ ಕೂತಲ್ಲೇ, ಬೆಳಗಿನಿಂದ ಸಂಜೆಯವರೆಗೆ. ನರ್ಸು ಎರಡು ಸಲ ಕರೆದಿದ್ದಾಳೆ. ಎದ್ದಿಲ್ಲ.

"ಅವಳನ್ನ ನೋಡೋಕೆ ಉಳಿದಿದ್ದೇ ಮೂರು ದಿನ. ಒಂದಿನ ನಿದ್ದೆ ಮಾಡಿ ಕಳೆದ್ಯಾ?"

"ಮೂರೇ ದಿನ ಅಂತ ನಂಗೆ ಗೊತ್ತಿರಲಿಲ್ಲ ಕಣೇ."

ಕುರ್ಚಿಯಲ್ಲಿ ಒರಗಿದ ಗಂಡಸು, ಬಾಯಿ ತೆರೆದಿದೆ. ಸಿಟ್ಟಿನಲ್ಲೇ ಕೊರೆಯಲು ಶುರು ಮಾಡಿದೆ. ಶೂ ಕೊರೆಯುವಾಗ ಒಂದು ಲೇಸು ಬಿಚ್ಚಿಕೊಂಡಿದ್ದು ಕಾಣಿಸಿತು. ಇವನು ಹೇಳಿದ್ದಲ್ಲ, ನಾನೇ ಹಾಗೆ ಕೊರೆದಿದ್ದೇನೆ. ಯಾಕೋ ಗೊತ್ತಿಲ್ಲ. ಪ್ರೆಸ್ಸಿನ ಚಕ್ರ ತಿರುಗಿಸಿದವನು ಇವನೇ. ಕಾಗದ ಎತ್ತಿದಾಗ ತನ್ನನ್ನು ತಾನು ನೋಡಿದ. "ಹೀಗೇ ಇದ್ದೆ" ಎಂದ.

ಜೂನ್ 22

ಎಂಟನೆಯ ದಿನ ಒಂದು ಕಣ್ಣು ಬಿಟ್ಟಳಂತೆ. ಬಲಗಣ್ಣು. ಕಪ್ಪಾ, ಕಂದಾ ಎಂದು ಕೇಳಿದೆ. "ಮೋಡದ ಬಣ್ಣ" ಎಂದ. "ನನ್ನನ್ನ ನೋಡಲಿಲ್ಲ. ನನ್ನಾಚೆ ನೋಡಿದ್ಲು."

ಸಂಜೆ ಡಾಕ್ಟರು ಇವನನ್ನು ಕೋಣೆಗೆ ಕರೆದು ತಲೆಯೊಳಗೆ ರಕ್ತ ಸೋರಿದೆ ಎಂದರಂತೆ. ಅಲ್ಲಿಗೆ ನಿಲ್ಲಿಸಿದ. ಒಂಬತ್ತನೆಯದು ಎಂದೆ. ಲಿಫ್ಟಿನ ಕರೆ ಬಂದಿದೆ ಎಂದು ಎದ್ದುಹೋದ. ಫೋನು ರಿಂಗಾಗಿರಲೇ ಇಲ್ಲ.

ಜುಲೈ 4

ಹೇಳಿದ.

"ಬೆಳಿಗ್ಗೆ ಏಳಕ್ಕೆ ಕರೆದ್ರು. ಈಗ ಉಸಿರಾಡ್ತಿರೋದು ಮಿಷನ್ನು, ಅವಳಲ್ಲ ಅಂದ್ರು. ತೆಗೆಯೋದೋ ಬೇಡ್ವೋ ನೀವು ಹೇಳ್ಬೇಕು ಅಂದ್ರು. ಹೆಂಡತಿ ಕೆಳಗಡೆ ಜ್ವರದಲ್ಲಿದಾಳೆ, ಅವಳಿಗೆ ಎಚ್ಚರ ಆಗ್ಲಿ ಅಂದೆ. ಎಷ್ಟು ದಿನ ಕಾಯ್ತೀರಿ, ಮಗೂಗೆ ನೋವು ಅಂದ್ರು. ಕಾಗದ ಕೊಟ್ರು. ಸಹಿ ಹಾಕಿದೆ."

ಇಷ್ಟು ದಿನ ಅವಳು ತಾನಾಗಿ ಹೋದಳೆಂದುಕೊಂಡಿದ್ದೆ. ಯಾರೂ ಬೇರೆ ಹೇಳಿರಲಿಲ್ಲ.

"ಆಮೇಲೆ?"

"ಆಮೇಲೆ ವೈರು, ಟ್ಯೂಬು ಎಲ್ಲ ತೆಗೆದು ನನ್ನ ಕೈಗೆ ಕೊಟ್ರು. ನಲವತ್ತು ನಿಮಿಷ ಇದ್ಲು."

"ನೀನು ಎತ್ಕೊಂಡ್ಯಾ?"

ಹೌದೆಂದು ತಲೆ ಆಡಿಸಿದ.

ಕೈಗೆ ಸಿಕ್ಕಿದ್ದನ್ನು ಎಸೆದೆ. ಉಳಿಯ ಪೆಟ್ಟಿಗೆ. ಇವನ ಹಣೆಗೆ ತಾಗಿತು. ಒರೆಸಿಕೊಳ್ಳಲೂ ಇಲ್ಲ. ಸಹಿ ಹಾಕಿದ್ದಕ್ಕಲ್ಲ. ಅಂಥ ಸಹಿ ನಾನಾದರೂ ಹಾಕಬೇಕಾಗುತ್ತಿತ್ತು. ಎತ್ತಿಕೊಂಡದ್ದಕ್ಕೆ. ಆರೂವರೆ ತಿಂಗಳು ಹೊತ್ತವಳು ನಾನು, ಎತ್ತಿಕೊಂಡವನು ಇವನು. ಐದು ತಿಂಗಳು ಅದನ್ನು ಒಬ್ಬನೇ ಇಟ್ಟುಕೊಂಡು ನನ್ನ ಎದುರಿಗೇ ಓಡಾಡಿಕೊಂಡಿದ್ದ.

ಜುಲೈ 5

ಅಮ್ಮ ಮೇ ಕೊನೆಯಲ್ಲೇ ತನ್ನ ಮನೆಗೆ ಹಿಂತಿರುಗಿದ್ದಳು. ಅಲ್ಲಿಗೆ ಬಂದಿದ್ದೇನೆ.

ಜುಲೈ 8

ಏನೂ ಇಲ್ಲ.

ಜುಲೈ 11

ಅಮ್ಮ ಬಟ್ಟೆ ಮಡಿಸುತ್ತ ತಾನಾಗಿ ಮಾತು ತೆಗೆದಳು.

"ಅವತ್ತು ನಾನೂ ಅಲ್ಲಿದ್ದೆ. ನಿಂಗೆ ಹೇಳ್ಬೇಡ ಅಂದೋಳೂ ನಾನೇ. ಅವನ ಮೇಲೆ ಹಾಕ್ಬೇಡ."

ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ.

"ಎಲ್ಲ ಮುಗಿದ್ಮೇಲೆ ನರ್ಸು ತಗೊಳ್ಳೋಕೆ ಬಂದ್ಲು. ಕೊಡ್ಲಿಲ್ಲ. ಡಾಕ್ಟರು ಬಂದ್ರು. ಅವರಿಗೂ ಕೊಡ್ಲಿಲ್ಲ. ಇವಳ ಅಮ್ಮ ಇನ್ನೂ ನೋಡಿಲ್ಲ, ಇವಳ ಅಮ್ಮ ಇನ್ನೂ ನೋಡಿಲ್ಲ, ಇಷ್ಟೇ ಹೇಳೋನು. ಕೊನೆಗೆ ನಾನೇ ಹೋಗಿ ಅವನ ಬೆರಳು ಒಂದೊಂದಾಗಿ ಬಿಡಿಸಿದೆ ಕಣೇ. ಅದಕ್ಕಿಂತ ಪಾಪದ ಕೆಲಸ ನಾನು ಮಾಡಿಲ್ಲ."

ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

ಜುಲೈ 13

ಮನೆಗೆ ಬಂದೆ. ಇವನ ಹಣೆಯ ಗಾಯ ಕಪ್ಪಗಾಗಿದೆ. "ಊಟ ಆಯ್ತಾ?" ಎಂದ. "ಆಯ್ತು" ಎಂದೆ. ಆಗಿರಲಿಲ್ಲ. ಎರಡು ತಟ್ಟೆ ಇಟ್ಟ.

ಜುಲೈ 22

ಒಂಬತ್ತನೆಯ ಹಲಗೆಯಲ್ಲಿ ಎರಡು ತೋಳು, ಅದರೊಳಗೆ ಬಟ್ಟೆಯ ಗಂಟು. ಪರೀಕ್ಷೆಗೆಂದು ಒಂದು ಅಚ್ಚು ತೆಗೆದೆ. ತೋಳು ತೋಳಿನ ಹಾಗಿದೆ, ಬೆರಳು ಬೆರಳಿನ ಹಾಗಿದೆ. ಟೀಚರ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಈ ತೋಳು ಏನನ್ನೂ ಎತ್ಕೊಂಡಿಲ್ಲ ಕಣೇ. ಖಾಲಿ ಬಟ್ಟೆ ಹಿಡ್ಕೊಂಡಿದೆ."

ನನಗೂ ಗೊತ್ತು. ಎಷ್ಟು ಭಾರವಿತ್ತೆಂದು ತಿಳಿಯದ ಕೈ ಏನನ್ನು ಕೊರೆದೀತು? ಹಲಗೆಯನ್ನು ಬೋರಲು ಹಾಕಿ ಬಂದೆ. ಎಂಟರಲ್ಲೇ ನಿಲ್ಲಲಿ. ಅವಳ ಕೊನೆಯ ದಿನಕ್ಕೂ ನನಗೂ ಸಂಬಂಧವಿಲ್ಲ, ಅಷ್ಟೇ.

ಜುಲೈ 24

ಊಟದ ಹೊತ್ತಿಗೆ ಇವನು ಬಂದ. ಟೀಚರ್ ಹೊರಗೆ ಹೋಗಿದ್ದರು. ಬೋರಲು ಹಾಕಿದ್ದ ಹಲಗೆಯನ್ನು ತಿರುಗಿಸಿ ನೋಡಿದ.

ನಾನೇ ಕೇಳಿದೆ. "ಎಷ್ಟು ಭಾರ ಇದ್ಲು?"

"ಕೊನೇ ದಿನ ಒಂಬೈನೂರ ಎಂಬತ್ತು ಗ್ರಾಂ. ಚೀಟಿಲಿ ಬರೆದಿದ್ರು."

"ಗ್ರಾಂ ಅಲ್ಲ ಕಣೋ. ಎಷ್ಟು ಭಾರ?"

ಸುತ್ತ ನೋಡಿದ. ಚೀಲದಿಂದ ಒಂದು ಸ್ಪ್ಯಾನರ್ ತೆಗೆದು ಕೈಯಲ್ಲಿ ತೂಗಿ ನೋಡಿ ಇಟ್ಟ. ಕಪಾಟಿನಿಂದ ಕಪ್ಪು ಮಸಿಯ ಡಬ್ಬಿ ಇಳಿಸಿದ, ಹೊಸ ಡಬ್ಬಿ, ಒಂದು ಕೆಜಿಯದ್ದು. ಮೊಣಕೈಯ ಮಡಿಕೆಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. ಇಲ್ಲ ಎಂಬಂತೆ ತಲೆಯಾಡಿಸಿದ. ಮುಚ್ಚಳ ತೆಗೆದು, ಚಪ್ಪಟೆ ಚಾಕುವಿನಿಂದ ಒಂದಿಷ್ಟು ಮಸಿ ಬಗೆದು ಗಾಜಿನ ಮೇಲೆ ಹಾಕಿದ. ಮತ್ತೆ ಎತ್ತಿಕೊಂಡ. ಇನ್ನೂ ಒಂದಿಷ್ಟು ತೆಗೆದ. ಮತ್ತೆ ಎತ್ತಿಕೊಂಡ. ಹೀಗೆ ಐದಾರು ಸಲ. ಕೊನೆಗೆ ತೆಗೆದದ್ದು ಹೆಚ್ಚಾಯಿತೆಂದು ಚಾಕುವಿನ ತುದಿಯಷ್ಟು ಮಸಿಯನ್ನು ವಾಪಸ್ಸು ಹಾಕಿದ. ತಕ್ಕಡಿಯೂ ಅಷ್ಟು ನಿಖರವಾಗಿ ತೂಗುತ್ತಿರಲಿಲ್ಲ. ಈ ತೋಳು ಐದೂವರೆ ತಿಂಗಳು ಬೇರೆ ಏನನ್ನೂ ನೆನಪಿಟ್ಟುಕೊಂಡಿಲ್ಲ.

ಮುಚ್ಚಳ ಹಾಕಿದ. ತನ್ನ ಅಂಗಿ ಬಿಚ್ಚಿ ಡಬ್ಬಿಗೆ ಸುತ್ತಿದ. ಬನಿಯನ್ನಿನಲ್ಲಿ ನಿಂತಿದ್ದ.

"ಕೂತ್ಕೋ" ಎಂದ. ಕೂತೆ.

"ತೋಳು ಸ್ವಲ್ಪ ಮೇಲೆ. ತಲೆ ಈ ಕಡೆ ಬರ್ಬೇಕು."

ಕೊಟ್ಟ.

ಇಷ್ಟೇನಾ. ಇಷ್ಟಾ.

ಎಷ್ಟು ಹೊತ್ತು ಕೂತಿದ್ದೆನೋ. ಎದುರಿನ ಸ್ಟೂಲಿನಲ್ಲಿ ಇವನು ಕೂತಿದ್ದ, ಮುಖ ಒದ್ದೆಯಾಗಿತ್ತು. ತೋಳು ಜೋಮು ಹಿಡಿಯಿತು. ಬದಲಿಸಲಿಲ್ಲ. ಇವನೂ ವಾಪಸ್ಸು ಕೊಡು ಎನ್ನಲಿಲ್ಲ.

ಆಗಸ್ಟ್ 2

ತೋಳುಗಳನ್ನು ಮತ್ತೆ ಕೊರೆದೆ. ಎಡಮೊಣಕೈ ಕೆಳಗೆ ಜಗ್ಗಿತು, ಹೆಗಲು ಒಂದು ಕಡೆ ಇಳಿಯಿತು. ಹೆಚ್ಚು ಕೊರೆಯಬೇಕಾಗಲಿಲ್ಲ. ಇವನು ಚಕ್ರ ತಿರುಗಿಸಿದ, ನಾನು ಕಾಗದ ಎತ್ತಿದೆ.

ಇದು ಮುಗಿದರೆ ಎದೆ ಹಗುರಾಗುತ್ತದೆ ಎಂದು ಡಾಕ್ಟರಿಂದ ಹಿಡಿದು ಎಲ್ಲರೂ ಹೇಳಿದ್ದರು. ಆಗಲಿಲ್ಲ. ಒಂಬತ್ತೂ ಸಾಲಾಗಿ ಗೋಡೆಗೆ ಒರಗಿ ನಿಂತಿವೆ, ಅವಳು ಇಲ್ಲ. ನಾಳೆಯೂ ಇರುವುದಿಲ್ಲ. ನಾಳೆ ಏನು ಕೊರೆಯಬೇಕು ಎನ್ನುವುದೂ ಗೊತ್ತಿಲ್ಲ.

ಟೀಚರ್ ಕೊನೆಯದರ ಮುಂದೆ ನಿಂತೇ ಇದ್ದರು. ಇದು ಇರಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಸಿ ಅಚ್ಚನ್ನು ಒಣಹಾಕುವಾಗ ಯಾವತ್ತೂ ಎರಡು ಬೆರಳಲ್ಲಿ ಮೂಲೆ ಹಿಡಿದು ಎತ್ತುವವರು, ಇವತ್ತು ಎರಡೂ ಅಂಗೈ ಅಡಿಗೆ ಕೊಟ್ಟು ಎತ್ತಿದರು. ಹಗ್ಗದವರೆಗೆ ಹತ್ತು ಹೆಜ್ಜೆ ನಡೆಯುವಾಗ, ಮಗುವಿನ ತಲೆ ಬರುವ ಕಡೆಯನ್ನು ಒಂದಿಷ್ಟು ಮೇಲೆ ಮಾಡಿಕೊಂಡೇ ನಡೆದರು.